ಹತ್ತು ಸೆಂಟಿನ ಕಥೆಗಳು

ಅಮೆರಿಕನರು ‘ಕಾಮಿಕ್ ಬುಕ್’ ಎಂದು ಕರೆಯುವ ಚಿತ್ರಕಥೆಯ ಹೊತ್ತಗೆಗೂ ಹಾಸ್ಯಕ್ಕೂ ಹೆಸರಿನ ನಂಟೊಂದೇ ಉಳಿದು ಬಹಳ ಕಾಲವಾಯಿತು. ದಿನಪತ್ರಿಕೆಗಳ ವಿನೋದಚಿತ್ರಗಳನ್ನು ಒಟ್ಟುಗೂಡಿಸಿ ತೆಳುವಾದ ಪುಸ್ತಕ ಮಾಡಿ ಮಾರತೊಡಗಿದ ೧೯೩೩–೩೪ರ ಸುಮಾರಿನಲ್ಲಿ ಅಂಟಿಕೊಂಡ ಆ ಹೆಸರು, ಒಳಗಿನ ಹೂರಣ ಬದಲಾದ ಮೇಲೂ ಬಿಡಲಿಲ್ಲ. ಹತ್ತು ಸೆಂಟಿನ ಬೆಲೆ, ಒರಟು ಕಾಗದ, ಕಣ್ಣಿಗೆ ರಾಚುವ ಬಣ್ಣ. ಓದಿ ಬಿಸುಡತಕ್ಕ ಸರಕು. ಇಂಥ ಸರಕನ್ನು ಹೊರತರುತ್ತಿದ್ದ ಹಲವಾರು ಪ್ರಕಟಣಾಲಯಗಳಲ್ಲಿ ಒಂದು ಪುಟ್ಟ ಪ್ರಕಟಣಾಲಯ ನ್ಯೂಯಾರ್ಕಿನ ಲಾಫಯೆಟ್ ಬೀದಿಯಲ್ಲಿತ್ತು. ‘ಇ. ಸಿ.’ ಎಂಬ ಎರಡಕ್ಷರದಿಂದ ಹೆಸರಾದ ಅದರ ಏಳುಬೀಳಿನ ಕಥೆ ವ್ಯಾಪಾರದ ಕಥೆ ಮಾತ್ರವಾಗಿದ್ದರೆ ಈ ಪುಟದಲ್ಲಿ ಅದಕ್ಕೆ ಎಡೆಯಿರುತ್ತಿರಲಿಲ್ಲ. ಕಥೆಯನ್ನು ಓದುವುದೆಂದರೇನು ಎಂಬ ಪ್ರಶ್ನೆ ಅಲ್ಲಿ ಒಮ್ಮೆ ನ್ಯಾಯಾಲಯದ ಕಟ್ಟಡವನ್ನೇ ಹತ್ತಿತು.

ಈ ಬಗೆಯ ಹೊತ್ತಗೆಯ ಹುಟ್ಟಿನಲ್ಲಿಯೇ ಕೈಯಿದ್ದ ಮ್ಯಾಕ್ಸ್ ಗೇನ್ಸ್ ಎಂಬಾತ ೧೯೪೪ರ ಸುಮಾರಿಗೆ ‘ಎಜುಕೇಷನಲ್ ಕಾಮಿಕ್ಸ್’ ಎಂಬ ಸ್ವಂತ ಸಂಸ್ಥೆಯನ್ನು ತೆರೆದನು. ಬೈಬಲಿನ ಕಥೆ, ಅಮೆರಿಕದ ಇತಿಹಾಸ, ವಿಜ್ಞಾನ ಇವನ್ನು ಚಿತ್ರಗಳ ಮೂಲಕ ಮಕ್ಕಳಿಗೆ ಕಲಿಸಬೇಕೆಂಬುದು ಅವನ ಹಂಬಲ. ಉದ್ದೇಶವೇನೋ ಒಳ್ಳೆಯದು, ಗಿರಾಕಿಗಳು ಮಾತ್ರ ಬರಲಿಲ್ಲ. ೧೯೪೭ರ ಆಗಸ್ಟಿನಲ್ಲಿ ಲೇಕ್ ಪ್ಲಾಸಿಡ್ ಎಂಬಲ್ಲಿ ದೋಣಿಯ ಅಪಘಾತಕ್ಕೆ ಸಿಕ್ಕಿ ಅವನು ತೀರಿಕೊಂಡಾಗ ಮಗ ವಿಲಿಯಮ್ಮನಿಗೆ ಬಂದ ಪಿತ್ರಾರ್ಜಿತ ಸಾಲದಲ್ಲಿ ಮುಳುಗಿದ ಈ ಸಂಸ್ಥೆ. ರಸಾಯನಶಾಸ್ತ್ರದ ಉಪಾಧ್ಯಾಯನಾಗಬೇಕೆಂದು ಓದುತ್ತಿದ್ದ ೨೫ ವರ್ಷದ ತರುಣ, ತಾಯಿಯ ಮಾತಿಗೆ ಕಟ್ಟುಬಿದ್ದು ಒಲ್ಲದ ಮನಸ್ಸಿನಿಂದ ಕಚೇರಿಗೆ ಬಂದನು. ಮರುವರ್ಷ ಆಲ್ ಫೆಲ್ಡ್‌ಸ್ಟೈನ್ ಎಂಬ ಚಿತ್ರಕಾರ ಅವನನ್ನು ಕೂಡಿಕೊಂಡನು. ‘ಎಜುಕೇಷನಲ್’ ಎಂಬುದು ‘ಎಂಟರ್‌ಟೈನಿಂಗ್’ ಆಯಿತು. ಶಿಕ್ಷಣ ಹೋಗಿ ರಂಜನೆ ಬಂದರೂ ಮೊದಲಕ್ಷರ ಒಂದೇ ಆಗಿದ್ದುದರಿಂದ ಎರಡಕ್ಷರದ ಮುದ್ರೆ ಹಾಗೆಯೇ ಉಳಿಯಿತು.

೧೯೫೦ರಿಂದ ಮುಂದಿನ ನಾಲ್ಕೈದು ವರ್ಷ ಇವರು ಕೆಲಸಮಾಡಿದ ರೀತಿ ಸ್ವಾರಸ್ಯವಾದದ್ದು. ತೂಕ ಇಳಿಸಿಕೊಳ್ಳಲು ಗೇನ್ಸ್ ನುಂಗುತ್ತಿದ್ದ ಮಾತ್ರೆ ಅವನಿಗೆ ನಿದ್ರೆಯನ್ನು ಕೊಡುತ್ತಿರಲಿಲ್ಲ. ರಾತ್ರಿಯೆಲ್ಲ ಕೈಗೆ ಸಿಕ್ಕ ಕಥೆಗಳನ್ನು ಓದಿ, ಬೆಳಗ್ಗೆ ನಾಲ್ಕಾರು ಕಥಾಬೀಜಗಳನ್ನು ಫೆಲ್ಡ್‌ಸ್ಟೈನನ ಮುಂದೆ ಸುರಿಯುವನು. ಅವನು ಅವುಗಳಲ್ಲಿ ಒಂದನ್ನು ಹಿಡಿದು ಚಿತ್ರದ ಹಾಳೆಯ ಮೇಲೆಯೇ ಬರೆದು ಮುಗಿಸುವನು. ಹೀಗೆ ಬಂದ ಬೀಜಗಳಲ್ಲಿ ಪರರ ಹೊಲದವೂ ಇದ್ದವೆಂದು ಬೇರೆ ಹೇಳಬೇಕಾದುದಿಲ್ಲ. ೧೯೫೨ರಲ್ಲಿ ರೇ ಬ್ರಾಡ್‌ಬರಿಯ ಎರಡು ಕಥೆಗಳನ್ನು ಬೆಸೆದು ಒಂದನ್ನಾಗಿಸಿ ಅಚ್ಚು ಹಾಕಿದರು. ಬ್ರಾಡ್‌ಬರಿ ಸಿಟ್ಟಿನ ನೋಟೀಸು ಕಳುಹಿಸಲಿಲ್ಲ. ತನಗೆ ಸಲ್ಲಬೇಕಾದ ೫೦ ಡಾಲರ್ ಸಂಭಾವನೆ ಇನ್ನೂ ಬಂದಿಲ್ಲ, ಕಚೇರಿಯಲ್ಲಿ ಯಾರೋ ಮರೆತಿರಬೇಕೆಂದು ವಿನಯದಿಂದ ಕಾಗದ ಬರೆದನು. ಹಣ ಹೋಯಿತು. ಅಲ್ಲಿಂದ ಮುಂದೆ ಅವನ ಹಲವು ಕಥೆಗಳು ಅಪ್ಪಣೆ ಪಡೆದೇ ಚಿತ್ರರೂಪ ತಾಳಿದವು. ಕೃತಿಚೌರ್ಯದ ಪ್ರಕರಣಗಳಲ್ಲಿ ಇಷ್ಟು ಸುಖಾಂತವಾದದ್ದು ಅಪರೂಪ.

ಮಾತು ಮೊದಲು ಹಾಳೆಯನ್ನು ತುಂಬಿ, ಉಳಿದ ಜಾಗದಲ್ಲಿ ಚಿತ್ರ ಕೂಡಬೇಕಾಗುತ್ತಿತ್ತು. ಆದುದರಿಂದ ಎಷ್ಟೋ ಕಡೆ ಚಿತ್ರಕ್ಕೆ ಉಸಿರಾಡಲು ಎಡೆಯಿಲ್ಲ, ಇದು ಇ. ಸಿ. ಕಥೆಗಳ ದೊಡ್ಡ ದೋಷ. ಆದರೆ ಒಬ್ಬರಂತೆ ಇನ್ನೊಬ್ಬರು ಬರೆಯಬೇಕೆಂಬ ಒತ್ತಾಯ ಚಿತ್ರಕಾರರ ಮೇಲೆ ಇರಲಿಲ್ಲ. ಅವರು ತಮ್ಮ ಹೆಸರನ್ನು ಕೆಳಗೆ ಕಾಣಿಸಬಹುದಾಗಿತ್ತು. ಆ ಉದ್ಯಮದಲ್ಲಿ ಇದು ಎಲ್ಲರಿಗೂ ದೊರೆಯುತ್ತಿದ್ದ ಮರ್ಯಾದೆಯಲ್ಲ. ವಾಲೇಸ್ ವುಡ್, ಜಾನಿ ಕ್ರೇಗ್, ಗ್ರಹಾಮ್ ಇಂಗಲ್ಸ್ ಮೊದಲಾದವರ ರೇಖೆಗಳನ್ನು ಓದುಗರು ದೂರದಿಂದಲೇ ಗುರುತಿಸುತ್ತಿದ್ದರು.

ಮನೆಯ ಒಲೆ ಉರಿದದ್ದು ಭೀತಿಕಥೆಗಳಿಂದ. ‘ಟೇಲ್ಸ್ ಫ್ರಂ ದ ಕ್ರಿಪ್ಟ್’ ಮೊದಲಾದ ಮೂರು ಪತ್ರಿಕೆಗಳಲ್ಲಿ ಹೆಣಗಳು ಗೋರಿಯಿಂದೆದ್ದು ಬಂದು ತಮ್ಮನ್ನು ಕೊಂದವರ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದವು. ಬೀಭತ್ಸವನ್ನೂ ರಸವೆಂದು ಒಪ್ಪಿದ ಪರಂಪರೆ ನಮ್ಮದು. ರನ್ನನ ದುರ್ಯೋಧನ ಹೆಣಗಳ ರಾಶಿಯ ನಡುವೆ, ಮರುಳುಗಳ ನಡುವೆ ನಡೆದುಹೋಗುವ ಭಾಗವನ್ನು ನಾವು ತರಗತಿಯಲ್ಲಿ ಸಂತೋಷದಿಂದಲೇ ಪಾಠ ಹೇಳುತ್ತೇವೆ. ಆದರೂ ಈ ಭೀತಿಕಥೆಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನ ಬೆಲ್ಲ. ನಾಲ್ಕನ್ನು ಓದಿದವರು ಐದನೆಯದರ ಕೊನೆಯನ್ನು ಮೊದಲೇ ಹೇಳಬಲ್ಲರು.

ಬೆಲೆಯುಳ್ಳ ಬರಹ ಬೇರೆಡೆ ಇತ್ತು. ಹಾರ್ವೆ ಕರ್ಟ್ಸ್‌ಮನ್ ಸಂಪಾದಿಸುತ್ತಿದ್ದ ‘ಟೂ-ಫಿಸ್ಟೆಡ್ ಟೇಲ್ಸ್’, ‘ಫ್ರಂಟ್‌ಲೈನ್ ಕಾಂಬ್ಯಾಟ್’ ಎಂಬ ಯುದ್ಧಪತ್ರಿಕೆಗಳು ಕೊರಿಯದಲ್ಲಿ ಅಮೆರಿಕನ್ ಸೈನಿಕರು ಸಾಯುತ್ತಿದ್ದ ದಿನಗಳಲ್ಲಿಯೇ ಹೊರಬಂದವು. ಬೇರೆಡೆ ಶತ್ರುವೆಂದರೆ ಹಲ್ಲುಕಿರಿಯುವ ಪಿಶಾಚಿ. ೧೯೫೨ರಲ್ಲಿ ಕರ್ಟ್ಸ್‌ಮನ್ ಬರೆದ ಇಮ್‌ಜಿನ್ ನದಿಯ ಕಥೆಯಲ್ಲಿ ಅಮೆರಿಕನ್ ಸೈನಿಕನೊಬ್ಬ ಉತ್ತರ ಕೊರಿಯದವನೊಬ್ಬನನ್ನು ನೀರಿನಲ್ಲಿ ಅದುಮಿ ಅದುಮಿ ಕೊಲ್ಲುತ್ತಾನೆ. ಅಲ್ಲಿ ಜಯಘೋಷವಿಲ್ಲ, ನೀರಿನಲ್ಲಿ ತೇಲಿಹೋಗುವ ಒಂದು ಶವವಿದೆ. ಅದೇ ವರ್ಷ ಅದೇ ಕರ್ಟ್ಸ್‌ಮನ್ ‘ಮ್ಯಾಡ್’ ಎಂಬ ವಿಡಂಬನಪತ್ರಿಕೆಯನ್ನೂ ಹೊರಡಿಸಿದನು. ‘ಷಾಕ್ ಸಸ್ಪೆನ್‌ಸ್ಟೋರೀಸ್’ ಎಂಬ ಇನ್ನೊಂದು ಪತ್ರಿಕೆ ವರ್ಣದ್ವೇಷ, ಗುಂಪುಹತ್ಯೆಗಳನ್ನು ವಸ್ತುವಾಗಿ ತೆಗೆದುಕೊಂಡಿತು. ಆ ಕಾಲದ ಹತ್ತು ಸೆಂಟಿನ ಹೊತ್ತಗೆಗಳಲ್ಲಿ ಅಂಥ ವಸ್ತು ವಿರಳ.

ಇನ್ನು ಪ್ರತಿಪಕ್ಷ. ಡಾಕ್ಟರ್ ಫ್ರೆಡ್ರಿಕ್ ವರ್ಥಮ್ ಖಳನಾಯಕನೆಂದು ಬರೆದುಬಿಡುವುದು ಸುಲಭ. ಹಾಗೆ ಬರೆದವರೂ ಬಹಳ. ಆದರೆ ೧೯೪೬ರಲ್ಲಿ ಹಾರ್ಲೆಮಿನ ಇಗರ್ಜಿಯೊಂದರ ನೆಲಮಾಳಿಗೆಯಲ್ಲಿ ಬಡ ಕರಿಯರಿಗಾಗಿ ಮಾನಸಿಕ ಚಿಕಿತ್ಸಾಲಯವನ್ನು ತೆರೆದವನು ಈತ. ಶುಲ್ಕ ೨೫ ಸೆಂಟು. ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ಶಾಲೆಗಳಿರುವುದು ಮಕ್ಕಳ ಮನಸ್ಸನ್ನು ಹೇಗೆ ಕುಗ್ಗಿಸುತ್ತದೆಂದು ಡೆಲವೇರ್ ಪ್ರಾಂತದ ಮೊಕದ್ದಮೆಯಲ್ಲಿ ಸಾಕ್ಷ್ಯ ನುಡಿದವನೂ ಈತನೇ. ಮಕ್ಕಳ ಹಿತದ ಇದೇ ಕಳಕಳಿಯಿಂದ, ಬಾಲಾಪರಾಧಕ್ಕೆ ಚಿತ್ರಕಥೆಗಳು ಕಾರಣವೆಂದು ವಾದಿಸಿ ‘ಸಿಡಕ್ಷನ್ ಆಫ್ ದಿ ಇನೊಸೆಂಟ್’ ಎಂಬ ಗ್ರಂಥವನ್ನು ೧೯೫೪ರಲ್ಲಿ ಪ್ರಕಟಿಸಿದನು.

ಆ ವರ್ಷದ ಏಪ್ರಿಲ್ ೨೧ರಂದು ಸೆನೆಟ್ಟಿನ ಉಪಸಮಿತಿ ನ್ಯೂಯಾರ್ಕಿನ ನ್ಯಾಯಾಲಯದ ಕಟ್ಟಡದಲ್ಲಿ ಈ ವಿಷಯದ ವಿಚಾರಣೆಗೆ ಕುಳಿತಿತು. ಗೇನ್ಸ್ ತಾನಾಗಿಯೇ ಬಂದು ಸಾಕ್ಷ್ಯ ಹೇಳಿದನು. ಸೆನೆಟರ್ ಕೀಫಾವರ್ ಇ. ಸಿ. ಪತ್ರಿಕೆಯೊಂದರ ರಕ್ಷಾಪುಟವನ್ನು ಎತ್ತಿ ತೋರಿಸಿದ: ಒಂದು ಕೈಯಲ್ಲಿ ಕೊಡಲಿ, ಇನ್ನೊಂದರಲ್ಲಿ ಹೆಂಗಸಿನ ಕಡಿದ ತಲೆ. ಇದು ಸದಭಿರುಚಿಯೇ ಎಂದು ಕೇಳಿದ್ದಕ್ಕೆ, ಭೀತಿಕಥೆಯ ರಕ್ಷಾಪುಟವೆಂದು ನೋಡಿದರೆ ಹೌದು, ತಲೆಯನ್ನು ಇನ್ನೂ ಮೇಲೆತ್ತಿ ಕೊರಳಿನಿಂದ ತೊಟ್ಟಿಕ್ಕುವ ರಕ್ತವನ್ನು ತೋರಿಸಿದ್ದರೆ ಆಗ ಕೆಟ್ಟ ಅಭಿರುಚಿಯಾಗುತ್ತಿತ್ತು ಎಂದು ಉತ್ತರವಿತ್ತನು. ಈ ಮಾತಿನಿಂದ ಅವನ ಕಥೆ ಮುಗಿಯಿತೆಂದೇ ಹೇಳಬಹುದು.

ಪತ್ರಿಕೆಗಳು ಆ ತಲೆಯನ್ನು ನೆನಪಿಟ್ಟುಕೊಂಡಷ್ಟು ಅಂದಿನ ಇನ್ನೊಂದು ಚರ್ಚೆಯನ್ನು ನೆನಪಿಟ್ಟುಕೊಳ್ಳಲಿಲ್ಲ. ಇ. ಸಿ.ಯ ಕಥೆಯೊಂದರಲ್ಲಿ ಮೆಕ್ಸಿಕೊ ಮೂಲದವರನ್ನು ಹೀಯಾಳಿಸುವ ಬೈಗುಳ ಮತ್ತೆ ಮತ್ತೆ ಬರುತ್ತದೆ, ಇದು ಮಕ್ಕಳಿಗೆ ಜನಾಂಗದ್ವೇಷದ ಪಾಠ ಎಂದು ವರ್ಥಮ್ ಆರೋಪಿಸಿದ್ದನು. ಆ ಕಥೆಯಾದರೂ ಏನು? ನೆರೆಗೆ ಬಂದ ಮೆಕ್ಸಿಕನ್ ಹುಡುಗನನ್ನು ಮಗಳು ಒಲಿದಳೆಂದು ಕನಲಿದ ತಂದೆಯೊಬ್ಬ ಮುಸುಕುಧಾರಿಗಳ ಗುಂಪು ಕಟ್ಟಿ, ಕತ್ತಲಲ್ಲಿ ಆ ಹುಡುಗನೆಂದು ಭ್ರಮಿಸಿ ತನ್ನ ಮಗಳನ್ನೇ ಚಾವಟಿಯಿಂದ ಹೊಡೆಸಿ ಕೊಲ್ಲುತ್ತಾನೆ. ಬೈಗುಳವೆಲ್ಲ ಬರುವುದು ಆ ತಂದೆಯ ಮತ್ತು ಅವನಂಥವರ ಬಾಯಿಂದ. ದುಶ್ಶಾಸನನ ಮಾತುಗಳನ್ನು ಎಣಿಸಿ ಕುಮಾರವ್ಯಾಸನ ತಲೆಗೆ ಕಟ್ಟಿದರೆ ಏನಾದೀತೋ ಅದೇ ಇಲ್ಲಿ ಆದದ್ದು. ಗೇನ್ಸ್ ಇದನ್ನೇ ಸಮಿತಿಯ ಮುಂದೆ ಹೇಳಿದನು. ಹಾಗಾದರೆ ಒಳ್ಳೆಯ ಕಥೆ ಮಕ್ಕಳನ್ನು ತಿದ್ದಬಲ್ಲುದಾದರೆ ಕೆಟ್ಟ ಕಥೆ ಕೆಡಿಸಲಾರದೇ ಎಂದು ಮರುಪ್ರಶ್ನೆ ಬಂತು. ನೀತಿಯಿರುವಲ್ಲಿ ನಾವು ಅದನ್ನು ಬಿಡಿಸಿ ಬರೆಯುತ್ತೇವೆ, ಉಳಿದವು ಬರಿಯ ರಂಜನೆ ಎಂಬುದು ಅವನ ಉತ್ತರ. ಉತ್ತರ ದುರ್ಬಲ, ಪ್ರಶ್ನೆಯೇನೋ ಸಮರ್ಥವಾದದ್ದು.

ಈ ವಿಚಾರಣೆಯಾಗಿ ಒಂದು ತಿಂಗಳು ತುಂಬುವ ಮೊದಲೇ, ಮೇ ೧೭ರಂದು, ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಶಾಲೆಗಳಲ್ಲಿನ ವರ್ಣಭೇದ ಅಸಂವಿಧಾನಿಕವೆಂದು ತೀರ್ಪಿತ್ತಿತು. ವರ್ಥಮ್ ಸಾಕ್ಷ್ಯ ನುಡಿದ ಡೆಲವೇರಿನ ಮೊಕದ್ದಮೆಯೂ ಅದರಲ್ಲಿ ಸೇರಿತ್ತು.

ಸರ್ಕಾರ ಕೈಹಾಕುವ ಮೊದಲು ತಾವೇ ತಮ್ಮನ್ನು ಕಟ್ಟಿಹಾಕಿಕೊಳ್ಳುವುದು ಲೇಸೆಂದು ಪ್ರಕಾಶಕರು ಸಂಘ ಕಟ್ಟಿ, ಅಕ್ಟೋಬರಿನಲ್ಲಿ ನೀತಿಸಂಹಿತೆಯೊಂದನ್ನು ಜಾರಿಗೆ ತಂದರು. ‘ಹಾರರ್’, ‘ಟೆರರ್’ ಎಂಬ ಮಾತುಗಳು ಪತ್ರಿಕೆಯ ಹೆಸರಿನಲ್ಲಿ ಬರಕೂಡದು. ರಕ್ತ ಹೀರುವ ಪ್ರೇತ, ನಡೆದಾಡುವ ಹೆಣ ಇವಕ್ಕೆ ಪ್ರವೇಶವಿಲ್ಲ. ಸೆನ್ಸಾರಿಗೆ ಎದುರಾಗಿ ನಿಲ್ಲಬೇಕೆಂದು ಪ್ರಕಾಶಕರನ್ನು ಒಟ್ಟುಗೂಡಿಸಿದವನು ಗೇನ್ಸನೇ. ಮಾತು ನಿಷೇಧದ ಕಡೆಗೆ ತಿರುಗಿದಾಗ ಎದ್ದು ಹೊರನಡೆದನು. ಆದರೆ ವಿತರಕರು ಇ. ಸಿ.ಯ ಕಟ್ಟುಗಳನ್ನು ಬಿಚ್ಚದೆಯೇ ಹಿಂದಕ್ಕೆ ಕಳುಹಿಸತೊಡಗಿದ ಮೇಲೆ ಅವನೂ ಸಂಘಕ್ಕೆ ತಲೆಬಾಗಬೇಕಾಯಿತು. ಆ ಗಾಳಿ ಸಮುದ್ರಗಳನ್ನೂ ದಾಟಿತು. ಬ್ರಿಟನ್ನಿನಲ್ಲಿ ೧೯೫೫ರಲ್ಲಿ, ನಮ್ಮ ಪಾರ್ಲಿಮೆಂಟಿನಲ್ಲಿ ೧೯೫೬ರಲ್ಲಿ, ಎಳೆಯರಿಗೆ ಹಾನಿಕರವಾದ ಪ್ರಕಟಣೆಗಳ ಮೇಲೆ ಕಾಯಿದೆಗಳಾದವು. ನಮ್ಮ ಕಾಯಿದೆ ಪ್ರಕಟಣೆಯನ್ನು ಇಡಿಯಾಗಿ ನೋಡಿ ತೀರ್ಮಾನಿಸಬೇಕೆಂದು ಹೇಳುತ್ತದೆ. ನೀತಿಸಂಹಿತೆಯ ಪಟ್ಟಿಗಿಂತ ಇದರಲ್ಲಿ ವಿವೇಕ ಹೆಚ್ಚು.

ಇಡಿಯಾಗಿ ನೋಡದಿದ್ದರೆ ಏನಾಗುವುದೆಂಬುದಕ್ಕೆ ಇ. ಸಿ.ಯ ಕೊನೆಯ ಚಿತ್ರಕಥಾಪತ್ರಿಕೆಯೇ ಸಾಕ್ಷಿ. ಮೊದಲು ೧೯೫೩ರಲ್ಲಿ ಅಚ್ಚಾಗಿದ್ದ ‘ಜಜ್‌ಮೆಂಟ್ ಡೇ’ ಎಂಬ ಕಥೆಯಲ್ಲಿ ಯಂತ್ರಮಾನವರ ಗ್ರಹವೊಂದಿದೆ. ಕಿತ್ತಳೆ ಬಣ್ಣದವರು, ನೀಲಿ ಬಣ್ಣದವರು. ಒಳಗಿನ ಯಂತ್ರ ಒಂದೇ, ಹೊರಗಿನ ಕವಚ ಬೇರೆ. ನೀಲಿಯವರಿಗೆ ಬೇರೆ ಕೇರಿ, ಕೀಳು ಕೆಲಸ. ಭೂಮಿಯಿಂದ ಬಂದ ಪರೀಕ್ಷಕ, ನಕ್ಷತ್ರಲೋಕದ ಗಣರಾಜ್ಯಕ್ಕೆ ಸೇರಲು ಇವರಿನ್ನೂ ಅರ್ಹರಲ್ಲವೆಂದು ತೀರ್ಮಾನಿಸಿ ಹೊರಡುತ್ತಾನೆ. ನೌಕೆಯಲ್ಲಿ ಶಿರಸ್ತ್ರಾಣ ತೆಗೆದಾಗ, ಕಟ್ಟಕಡೆಯ ಚಿತ್ರದಲ್ಲಿ, ಅವನು ಕರಿಯನೆಂದು ತಿಳಿಯುತ್ತದೆ. ಮುಖದ ಮೇಲೆ ಬೆವರಿನ ಹನಿಗಳು ಮಿನುಗುತ್ತಿರುತ್ತವೆ. ೧೯೫೬ರ ಆರಂಭದ ಸಂಚಿಕೆಗಾಗಿ ಸಂಹಿತೆಯವರು ಬೇರೊಂದು ಕಥೆಯನ್ನು ತಿರಸ್ಕರಿಸಿದ್ದರಿಂದ ಇದನ್ನೇ ಮರುಮುದ್ರಿಸಲು ಹೊರಟರು. ಸಂಹಿತೆಯ ಅಧಿಕಾರಿ, ಮಾಜಿ ನ್ಯಾಯಾಧೀಶ ಚಾರ್ಲ್ಸ್ ಮರ್ಫಿ, ನಾಯಕ ಕರಿಯನಾಗಿರಕೂಡದೆಂದನು. ಕಥೆಯ ಜೀವವೇ ಅದು ಎಂದು ಫೆಲ್ಡ್‌ಸ್ಟೈನ್ ವಾದಿಸಿದನು. ವಿಷಯವನ್ನು ಪತ್ರಿಕೆಗಳ ಮುಂದಿಡುವೆನೆಂದು ಗೇನ್ಸ್ ಗದರಿಸಿದನು. ಆಗ ಮರ್ಫಿ ಒಂದು ಮೆಟ್ಟಿಲು ಇಳಿದು, ಬೆವರಿನ ಹನಿಗಳನ್ನಾದರೂ ಅಳಿಸಿರೆಂದನು. ಅದಕ್ಕೆ ದೊರೆತ ಉತ್ತರ ಈ ಪುಟದಲ್ಲಿ ಅಚ್ಚಾಗತಕ್ಕದ್ದಲ್ಲ. ಹನಿಗಳು ಉಳಿದವು, ಇ. ಸಿ.ಯ ಚಿತ್ರಕಥಾಪತ್ರಿಕೆಗಳು ಅಲ್ಲಿಗೆ ನಿಂತವು.

‘ಮ್ಯಾಡ್’ ೧೯೫೫ರಲ್ಲಿಯೇ ದೊಡ್ಡ ಆಕಾರದ ನಿಯತಕಾಲಿಕದ ರೂಪ ತಾಳಿದ್ದರಿಂದ ಸಂಹಿತೆಯ ಕೈಗೆ ಸಿಗಲಿಲ್ಲ. ಎಪ್ಪತ್ತರ ದಶಕದ ಆರಂಭಕ್ಕೆ ಅದರ ಪ್ರಸಾರ ೨೦ ಲಕ್ಷ ಪ್ರತಿಗಳನ್ನು ಮೀರಿತ್ತು. ಗೇನ್ಸ್ ೧೯೯೨ರಲ್ಲಿ ಸತ್ತನು. ಸಂಹಿತೆಯನ್ನು ಉಳಿದ ಪ್ರಕಾಶಕರೂ ೨೦೧೧ರಲ್ಲಿ ಕೈಬಿಟ್ಟರು. ಅಮೆರಿಕದ ರಾಷ್ಟ್ರೀಯ ಗ್ರಂಥಾಲಯದಲ್ಲಿ ವರ್ಥಮನ ಕಾಗದಪತ್ರಗಳು ಓದಿಗೆ ತೆರೆದ ಮೇಲೆ, ಅವನು ತನ್ನ ವಾದಕ್ಕೆ ಹೊಂದುವಂತೆ ಮಕ್ಕಳ ಹೇಳಿಕೆಗಳನ್ನು ಅಲ್ಲಲ್ಲಿ ತಿದ್ದಿ ಬೆಸೆದಿದ್ದನೆಂದು ಕೆರೊಲ್ ಟಿಲಿ ಎಂಬ ವಿದುಷಿ ೨೦೧೨ರಲ್ಲಿ ತೋರಿಸಿಕೊಟ್ಟರು.

ಓದಿ ಬಿಸುಡತಕ್ಕ ಆ ಹೊತ್ತಗೆಗಳು ಎಪ್ಪತ್ತರ ದಶಕದ ಕೊನೆಯಿಂದ ದಪ್ಪ ರಟ್ಟಿನ ಸಂಪುಟಗಳಾಗಿ ಬರತೊಡಗಿದವು. ಬಣ್ಣವಿಲ್ಲದೆ ಕಪ್ಪು ರೇಖೆಗಳಲ್ಲಿಯೇ ಅಚ್ಚಾಗಿರುವುದರಿಂದ ಒಂದು ಲಾಭವೂ ಆಗಿದೆ. ಬರ್ನಾರ್ಡ್ ಕ್ರಿಗ್‌ಸ್ಟೈನ್ ೧೯೫೫ರಲ್ಲಿ ಬರೆದ ‘ಮಾಸ್ಟರ್ ರೇಸ್’ ಎಂಬ ಕಥೆ ಅಲ್ಲಿದೆ: ನಾಜಿ ಸೆರೆಶಿಬಿರದ ಅಧಿಕಾರಿಯಾಗಿದ್ದವನನ್ನು ನ್ಯೂಯಾರ್ಕಿನ ಸುರಂಗರೈಲಿನಲ್ಲಿ ಒಬ್ಬ ಗುರುತಿಸುವ ಕಥೆ. ಆರು ಪುಟ ಕೊಟ್ಟಿದ್ದರು, ಅವನು ಹನ್ನೆರಡು ಕೇಳಿದನು, ದೊರೆತದ್ದು ಎಂಟು. ಜಾಗ ಸಾಲದೆ ಅವನು ಚೌಕಟ್ಟುಗಳನ್ನು ಸೀಳಿ ಸೀಳಿ ಕಿರಿದು ಮಾಡಿದನು. ಓಡುವವನ ಒಂದೊಂದು ಹೆಜ್ಜೆಗೂ ಒಂದೊಂದು ಚಿತ್ರ. ಒರಟು ಕಾಗದದ ಬಣ್ಣದಲ್ಲಿ ಮಸುಕಾಗಿದ್ದ ಆ ರೇಖೆಗಳನ್ನು ಇಲ್ಲಿ ಒಂದೊಂದಾಗಿ ಎಣಿಸಬಹುದು.