ಊರಿಲ್ಲದ ಗಂಟೆ

ಶಿರಸಿಯಲ್ಲಿ ನಡುಮಧ್ಯಾಹ್ನ ಆಗುವುದು ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಆಸುಪಾಸಿನಲ್ಲಿ. ಭಾರತದ ಗಡಿಯಾರಕ್ಕೆ ಆಧಾರವಾದ 82.5 ಡಿಗ್ರಿ ಪೂರ್ವ ರೇಖಾಂಶ ಹಾದುಹೋಗುವುದು ದೂರದ ಮಿರ್ಜಾಪುರದ ಹತ್ತಿರ; ಶಿರಸಿ ಇರುವುದು 74.8ರ ಮೇಲೆ. ಒಂದು ಡಿಗ್ರಿ ದಾಟಲು ಸೂರ್ಯನಿಗೆ ನಾಲ್ಕು ನಿಮಿಷ ಬೇಕು. ಅಲ್ಲಿ ನಡುಹಗಲಾಗಿ ಅರ್ಧ ಗಂಟೆ ಕಳೆದ ಮೇಲೆ ಇಲ್ಲಿ ನಡುಹಗಲು. ಹೀಗೆ ಲೆಕ್ಕ ಹಾಕಿದರೆ ಶಿರಸಿಯ ಸ್ವಂತ ಸಮಯ ಗ್ರೀನಿಚ್‌ಗಿಂತ 4 ಗಂಟೆ 59 ನಿಮಿಷ ಮುಂದೆ. ಸಿದ್ದಾಪುರ, ಯಲ್ಲಾಪುರಗಳದ್ದೂ ಹೆಚ್ಚುಕಡಿಮೆ ಅಷ್ಟೇ. ಮೂರೂ ಊರುಗಳ ನಡುವಿನ ಅಂತರ ಒಂದು ನಿಮಿಷದ ಒಳಗೆ.

1906ರ ಜನವರಿ 1ಕ್ಕೆ ಭಾರತೀಯ ಪ್ರಮಾಣ ಸಮಯ ಬರುವ ಮೊದಲು ಇಂಥ ಸಮಯಗಳು ಊರಿಗೊಂದಿದ್ದವು. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಮುಂಬಯಿಯ ಸಮಯ ಗ್ರೀನಿಚ್‌ಗಿಂತ 4 ಗಂಟೆ 51 ನಿಮಿಷ ಮುಂದಿತ್ತು. ರೈಲಿನವರು ಹಿಡಿದಿದ್ದ ಮದ್ರಾಸ್ ಸಮಯ 5 ಗಂಟೆ 21 ನಿಮಿಷ. 1881ರಲ್ಲಿ ಗವರ್ನರ್ ಜೇಮ್ಸ್ ಫರ್ಗ್ಯುಸನ್ ಮುಂಬಯಿಗೆ ಮದ್ರಾಸ್ ಸಮಯ ಹೇರಹೋಗಿ ಜನರಿಂದ ಬೈಸಿಕೊಂಡ. ಆಗಿನ ಕಾಗದಪತ್ರದಲ್ಲಿ ‘ಬೆಳಿಗ್ಗೆ ಎಂಟು ಗಂಟೆ’ ಎಂದಷ್ಟೇ ಇದ್ದರೆ ಅದು ಯಾವ ಊರಿನ ಎಂಟು ಎಂಬುದನ್ನೂ ಕೇಳಬೇಕಾಗುತ್ತದೆ.

ನಮ್ಮ ಕಡೆ ಆ ಪ್ರಶ್ನೆ ಮತ್ತೆ ಎದ್ದದ್ದು 2020ರಲ್ಲಿ. ಲಾಕ್‌ಡೌನ್ ಕಾರಣಕ್ಕೆ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರು ಊರಿನ ಮನೆಗೆ ಬಂದು, ನೆಟ್‌ವರ್ಕ್ ಸಿಗುವ ಗುಡ್ಡವನ್ನೋ ಮಾಳಿಗೆಯ ಮೂಲೆಯನ್ನೋ ಹುಡುಕಿ, ಅಮೆರಿಕದವರ ಮೀಟಿಂಗಿಗೆ ಕೂರುತ್ತಿದ್ದರು. ಒಂದು ಉದಾಹರಣೆ ತೆಗೆದುಕೊಳ್ಳೋಣ. ವಾರಕ್ಕೊಮ್ಮೆ ನ್ಯೂಜೆರ್ಸಿಯ ಬೆಳಿಗ್ಗೆ 9ಕ್ಕೆ ಸಭೆ. ಯಲ್ಲಾಪುರದಲ್ಲಿ ಆಗ ಸಂಜೆ 6:30. ಆ ವರ್ಷದ ನವೆಂಬರ್ 1ರಂದು ಅಮೆರಿಕದ ಗಡಿಯಾರ ಒಂದು ಗಂಟೆ ಹಿಂದೆ ಸರಿಯಿತು, ನಮ್ಮದು ಸರಿಯಲಿಲ್ಲ. ಸಭೆ ಇನ್ನು ನಮಗೆ 7:30ಕ್ಕೆ. ಆದರೆ ಆಫೀಸಿನ ಕ್ಯಾಲೆಂಡರಿನಿಂದ ಫೈಲು ತೆಗೆದು ಫೋನಿನ ಕ್ಯಾಲೆಂಡರಿಗೆ ಹಾಕಿಕೊಂಡವನಿಗೆ ಅದು ಇನ್ನೂ 6:30 ಎಂದೇ ತೋರಿಸುವ ಸಂಭವ ಉಂಟು. ಎರಡೂ ಪ್ರೋಗ್ರಾಮು ಸರಿ, ಫೋನೂ ಸರಿ. ತಪ್ಪು ಇರುವುದು ಒಂದರಿಂದ ಇನ್ನೊಂದಕ್ಕೆ ದಾಟಿದ ಫೈಲಿನಲ್ಲಿ.

ಆ ಫೈಲಿನ ಹೆಸರಿನ ಕೊನೆಯಲ್ಲಿ ‘ಐಸಿಎಸ್’ ಎಂದಿರುತ್ತದೆ. ತೆರೆದು ನೋಡಿದರೆ ಸಾದಾ ಅಕ್ಷರಗಳ ಸಾಲುಗಳು, ಯಾರು ಬೇಕಾದರೂ ಓದಬಹುದು. 1996ರಲ್ಲಿ ಆಪಲ್, ಐಬಿಎಂ, ಎಟಿ ಅಂಡ್ ಟಿ, ಸೀಮೆನ್ಸ್ ಕಂಪನಿಗಳು ಕೂಡಿ ಮಾಡಿದ ವಿಕ್ಯಾಲೆಂಡರ್ ಇದರ ಹಿರಿಯಣ್ಣ. 1998ರ ನವೆಂಬರಿನಲ್ಲಿ ಲೋಟಸ್ ಕಂಪನಿಯ ಫ್ರಾಂಕ್ ಡಾಸನ್ ಮತ್ತು ಮೈಕ್ರೋಸಾಫ್ಟ್‌ನ ಡೆರಿಕ್ ಸ್ಟೆನರ್ಸನ್ ಐಕ್ಯಾಲೆಂಡರ್ ಎಂಬ ಮಾನಕವನ್ನು ಬರೆದರು. ಅಂದಿನ ಪೈಪೋಟಿಯ ಎರಡು ಕಂಪನಿಗಳವರು ಒಂದೇ ಕಾಗದಕ್ಕೆ ಹೆಸರು ಹಾಕಿದ್ದೇ ದೊಡ್ಡದು.

ಅದರಲ್ಲಿ ಸಮಯ ಬರೆಯಲು ಮೂರು ದಾರಿ ಇಟ್ಟರು. ಬರಿಯ ಗಂಟೆ ಬರೆದರೆ ಓದುವವನು ಯಾವ ಊರಿನಲ್ಲಿದ್ದಾನೋ ಅಲ್ಲಿಯ ಗಂಟೆ. ಕೊನೆಗೆ ‘ಝಡ್’ ಅಕ್ಷರ ಸೇರಿಸಿದರೆ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ. ಗಂಟೆಯ ಜೊತೆ ಸಮಯ ವಲಯದ ಹೆಸರು ಬರೆದರೆ ಆ ವಲಯದ ಗಡಿಯಾರದ ಗಂಟೆ. ಈ ಮೂರು ಬೇರೆ ಬೇರೆ ಮಾತುಗಳೆಂದು ತಿಳಿಯದೆ ಬರೆದ ಪ್ರೋಗ್ರಾಮುಗಳೇ ಮುಂದಿನ ಬಹುಪಾಲು ಗೋಜಲಿನ ಮೂಲ.

ಎಲ್ಲವನ್ನೂ ಯುಟಿಸಿಯಲ್ಲಿ ಬರೆದುಬಿಟ್ಟರೆ ಮುಗಿಯಿತಲ್ಲ ಎಂದು ಯಾರಿಗೂ ಮೊದಲು ಹೊಳೆಯುತ್ತದೆ. ಪ್ರೋಗ್ರಾಮ್ ಬರೆಯುವವರಿಗಂತೂ ಅದು ಬಹಳ ಇಷ್ಟ. ನಡೆದುಹೋದ ಘಟನೆಗೆ ಇದು ಸರಿಯಾದ ಮದ್ದೂ ಹೌದು. ಮೇಲಿನ ವಾರದ ಸಭೆಗೆ ಹಾಕಿ ನೋಡಿ: ಬೇಸಿಗೆಯಲ್ಲಿ ನ್ಯೂಜೆರ್ಸಿಯ 9 ಗಂಟೆ ಎಂದರೆ ಯುಟಿಸಿಯ 13. ‘ಪ್ರತಿ ವಾರ 13 ಗಂಟೆ ಯುಟಿಸಿ’ ಎಂದು ಫೈಲು ಹೇಳಿದರೆ ನವೆಂಬರಿನಲ್ಲಿ ಅದು ನ್ಯೂಜೆರ್ಸಿಯ 8 ಗಂಟೆ. ಸಭೆ ಕರೆದವನು ಹೇಳಿದ್ದು ‘ನನ್ನ ಊರಿನ ಒಂಬತ್ತು’. ಫೈಲು ಆ ಊರನ್ನು ಕಳೆದು, ಉಳಿದ ಸಂಖ್ಯೆಯನ್ನು ಮಾತ್ರ ಜೋಪಾನ ಮಾಡಿತು. ಮುಂದೆ ನಡೆಯಬೇಕಾದ, ಮತ್ತೆ ಮತ್ತೆ ಬರುವ ಕಾರ್ಯಕ್ರಮಗಳಿಗೆ ಊರಿನ ಹೆಸರೇ ಮುಖ್ಯ. ಸಂಖ್ಯೆಯನ್ನು ಆಯಾ ದಿನ ಲೆಕ್ಕ ಹಾಕಿಕೊಳ್ಳಬಹುದು. ಇಷ್ಟು ಸಣ್ಣ ಸಂಗತಿ ಕಂಪ್ಯೂಟರ್ ಲೋಕಕ್ಕೆ ಖಚಿತವಾಗಲು ಎರಡು ದಶಕಕ್ಕೂ ಹೆಚ್ಚು ಹಿಡಿಯಿತು.

ಅದರ ಹಿಂದಿನ ಕತೆ ಶುರುವಾಗುವುದು ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆಯೊಂದರಲ್ಲಿ. ಹಳೆಯ ಯುನಿಕ್ಸ್ ಯಂತ್ರಗಳಲ್ಲಿ ಡೇಲೈಟ್ ಸೇವಿಂಗಿನ, ಅಂದರೆ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದೆ ಸರಿಸುವ, ನಿಯಮ ಪ್ರೋಗ್ರಾಮಿನ ಒಳಗೇ ಬೆಸೆದುಕೊಂಡಿತ್ತು, ಅದೂ ಅಮೆರಿಕದ ನಿಯಮ. ಸಂಸತ್ತು ಕಾಯಿದೆ ತಿದ್ದಿದರೆ ಪ್ರೋಗ್ರಾಮನ್ನೇ ತಿದ್ದಬೇಕು. 1986ರಲ್ಲಿ ಹಾಗೇ ಆಯಿತು: 1987ರಿಂದ ಏಪ್ರಿಲ್ ಕೊನೆಯ ಬದಲು ಮೊದಲ ಭಾನುವಾರವೇ ಗಡಿಯಾರ ಮುಂದೆ ಎಂದು ಕಾಯಿದೆ ಬಂತು. ಆ ಸಂಸ್ಥೆಯಲ್ಲಿದ್ದ ಆರ್ಥರ್ ಡೇವಿಡ್ ಓಲ್ಸನ್ ಮತ್ತು ಮೆಲ್ಬರ್ನ್‌ನ ರಾಬರ್ಟ್ ಎಲ್ಜ್ ಮುಂತಾದವರು ನಿಯಮವನ್ನು ಪ್ರೋಗ್ರಾಮಿನಿಂದ ಬಿಡಿಸಿ ಬೇರೆ ಫೈಲಿನಲ್ಲಿಟ್ಟರು; ಅದೇ ಮುಂದೆ ಸಮಯ ವಲಯಗಳ ಕೋಶವಾಯಿತು. ಈಗ ಯಾವ ದೇಶದ ಕಾಯಿದೆ ಬದಲಾದರೂ ಒಂದು ಸಾಲು ಸೇರಿಸಿದರೆ ಸಾಕು, ಹಳೆಯ ಸಾಲುಗಳು ಇತಿಹಾಸವಾಗಿ ಹಾಗೇ ಉಳಿಯುತ್ತವೆ.

ಇನ್ನು ವಲಯಕ್ಕೆ ಹೆಸರು ಏನಿಡಬೇಕು? ‘ಐಎಸ್‌ಟಿ’ ಎಂದರೆ ಭಾರತವೂ ಹೌದು, ಇಸ್ರೇಲೂ ಹೌದು, ಐರ್ಲೆಂಡೂ ಹೌದು. ದೇಶದ ಹೆಸರಿಟ್ಟರೆ ಗಡಿಗಳು ಬದಲಾಗುತ್ತವೆ, ದೇಶಗಳೇ ಒಡೆಯುತ್ತವೆ. ಕೋಶದ ಕೆಲಸದಲ್ಲಿದ್ದ ಪಾಲ್ ಎಗರ್ಟ್ ಇದಕ್ಕೆ 1993ರಲ್ಲಿ ಕೊಟ್ಟ ಉತ್ತರ, ಖಂಡದ ಹೆಸರು ಮತ್ತು ಒಂದು ದೊಡ್ಡ ಊರಿನ ಹೆಸರು. ರಾಜ್ಯಗಳು ಹೋದರೂ ಊರು ಇರುತ್ತದೆ ಎಂಬ ನಂಬಿಕೆ. ಹಾಗೆ ಸಿದ್ದಾಪುರದ ಗಡಿಯಾರಕ್ಕೆ ಕಂಪ್ಯೂಟರಿನಲ್ಲಿ ಬಿದ್ದ ಹೆಸರು ‘ಏಷ್ಯಾ/ಕಲ್ಕತ್ತಾ’. ಊರೂ ಹೆಸರು ಬದಲಿಸೀತು ಎಂಬುದು ಆಮೇಲೆ ಗೊತ್ತಾಯಿತು: 2001ರಲ್ಲಿ ಕಲ್ಕತ್ತಾ ಕೋಲ್ಕತಾ ಆಯಿತು, 2008ರಲ್ಲಿ ಕೋಶದಲ್ಲೂ ಹೆಸರು ತಿದ್ದಿದರು. ಹಳೆಯದನ್ನು ಅಳಿಸದೆ ಹೊಸದಕ್ಕೆ ಜೋಡಿಸಿಟ್ಟದ್ದು ಪುಣ್ಯ.

ಈ ಕೋಶ ಓದಲು ಬಹಳ ಸ್ವಾರಸ್ಯ. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ಭಾರತದ ಗಡಿಯಾರ ಯುದ್ಧದ ಕಾರಣಕ್ಕೆ ಒಂದು ಗಂಟೆ ಮುಂದೆ ಓಡಿದ ದಾಖಲೆ ಅದರಲ್ಲಿದೆ. ಆಗ ಹುಟ್ಟಿದವರ ಜಾತಕ ಬರೆಯುವಾಗ ಗಡಿಯಾರದ ಸಮಯದಿಂದ ಒಂದು ಗಂಟೆ ಕಳೆಯಬೇಕು, ಜೋಯಿಸರಿಗೆ ಇದು ಹಳೆಯ ಸಂಗತಿ. 2011ರ ಸೆಪ್ಟೆಂಬರಿನಲ್ಲಿ ಓಲ್ಸನ್, ಎಗರ್ಟ್ ಇಬ್ಬರ ಮೇಲೂ ಮೊಕದ್ದಮೆ ಹೂಡಿದ್ದು ಕೂಡ ಜ್ಯೋತಿಷ್ಯದ ಸಾಫ್ಟ್‌ವೇರ್ ಮಾರುವ ಆಸ್ಟ್ರೋಲೇಬ್ ಎಂಬ ಅಮೆರಿಕದ ಕಂಪನಿ. ಹಳೆಯ ಸಮಯಗಳ ವಿವರ ತಮ್ಮ ಪುಸ್ತಕದ್ದು ಎಂಬುದು ಅವರ ವಾದ. ಕೋಶ ಕೆಲವು ದಿನ ಬಾಗಿಲು ಹಾಕಿತು. ಇಂಟರ್‌ನೆಟ್ಟಿನ ಹೆಸರು, ಸಂಖ್ಯೆಗಳ ಲೆಕ್ಕ ಇಡುವ ಐಎಎನ್‌ಎ ಅದನ್ನು ಅಕ್ಟೋಬರಿನಲ್ಲಿ ವಹಿಸಿಕೊಂಡಿತು. 2012ರ ಫೆಬ್ರವರಿಯಲ್ಲಿ ಕಂಪನಿ ಮೊಕದ್ದಮೆ ಹಿಂದೆಗೆದು ಕ್ಷಮೆ ಕೇಳಿತು. ಯಾವ ದಿನ ಯಾವ ಊರಿನಲ್ಲಿ ಗಂಟೆ ಎಷ್ಟಾಗಿತ್ತು ಎಂಬುದು ಯಾರ ಆಸ್ತಿಯೂ ಆಗದೆ ಉಳಿಯಿತು.

ಮತ್ತೆ ಫೈಲಿಗೆ ಬರೋಣ. ವಲಯದ ಹೆಸರುಗಳಿಗೆ ಎಲ್ಲರೂ ಒಪ್ಪಿದ ಪಟ್ಟಿಯನ್ನು ಡಾಸನ್, ಸ್ಟೆನರ್ಸನ್ ತಮ್ಮ ಮಾನಕದಲ್ಲಿ ಗೊತ್ತುಪಡಿಸಲಿಲ್ಲ. ಆದ್ದರಿಂದ ಪ್ರತಿ ಫೈಲೂ ತನ್ನ ವಲಯದ ಪೂರ್ತಿ ನಿಯಮವನ್ನು, ಎಂದು ಗಡಿಯಾರ ಮುಂದೆ, ಎಂದು ಹಿಂದೆ ಎಂಬುದನ್ನು, ತಾನೇ ಹೊತ್ತು ತರಬೇಕು ಎಂದು ವಿಧಿಸಿದರು. ಹೆಸರು ಆ ಫೈಲಿನ ಒಳಗೆ ಮಾತ್ರ ಸಲ್ಲುವ ಗುರುತು. ಬುದ್ಧಿವಂತಿಕೆಯ ಏರ್ಪಾಡೇ, ಆದರೆ ಅದರಲ್ಲಿ ಒಂದು ಬಿರುಕಿತ್ತು. ಅದು ಕಣ್ಣಿಗೆ ಬಿದ್ದದ್ದು 2007ರಲ್ಲಿ.

ಅಮೆರಿಕ 2005ರಲ್ಲಿ ಇಂಧನ ಉಳಿಸುವ ಕಾಯಿದೆಯೊಂದನ್ನು ಮಾಡಿ, 2007ರಿಂದ ಗಡಿಯಾರ ಮುಂದಾಗುವುದು ಮಾರ್ಚ್ ಎರಡನೇ ಭಾನುವಾರ, ಹಿಂದಾಗುವುದು ನವೆಂಬರ್ ಮೊದಲ ಭಾನುವಾರ ಎಂದಿತು. ಕಂಪನಿಗಳು ಯಂತ್ರಗಳನ್ನು ತಿದ್ದಿದವು. ಆದರೆ ಅದಕ್ಕೆ ಮೊದಲೇ ಹಂಚಿಹೋದ ಫೈಲುಗಳು ಹಳೆಯ ನಿಯಮವನ್ನೇ ಹೊಟ್ಟೆಯಲ್ಲಿಟ್ಟುಕೊಂಡಿದ್ದವು. ಯಂತ್ರ ಹೊಸ ಕಾಯಿದೆ ಹೇಳುತ್ತದೆ, ಫೈಲು ಹಳೆಯದು; ನಡುವಿನ ವಾರಗಳಲ್ಲಿ ಸಭೆಗಳು ಒಂದು ಗಂಟೆ ಅತ್ತ ಇತ್ತ. ಗಡಿಯಾರ ಈಗ ಅಲುಗದ ಭಾರತದಲ್ಲಿ ಕೂತವರಿಗೆ ಇದು ಇನ್ನೂ ಗೊಂದಲ, ಏಕೆಂದರೆ ನಾವು ಏನೂ ಮಾಡದೆ ನಮ್ಮ ವೇಳಾಪಟ್ಟಿ ಸರಿಯುತ್ತದೆ. ಮಾರ್ಚ್ ಎಂದರೆ ನಮ್ಮಲ್ಲಿ ಜಾತ್ರೆಯ ಕಾಲ ಬೇರೆ. ಎರಡು ವರ್ಷಕ್ಕೊಮ್ಮೆಯ ಶಿರಸಿ ಮಾರಿಕಾಂಬಾ ಜಾತ್ರೆ 2022, 2024ರಲ್ಲಿ ನಡೆದದ್ದು ಅಮೆರಿಕದ ಗಡಿಯಾರ ಮುಂದಾದ ಬೆನ್ನಿಗೇ. ದೂರದಲ್ಲಿ ಕೂತು ಮೊಬೈಲಿನಲ್ಲಿ ರಥೋತ್ಸವ ನೋಡುವವರಿಗೆ ಹಿಂದಿನ ತಿಂಗಳ ಲೆಕ್ಕ ಕೆಲಸಕ್ಕೆ ಬರುವುದಿಲ್ಲ.

ಕ್ಯಾಲೆಂಡರ್ ತಯಾರಕರ ಒಕ್ಕೂಟವಾದ ಕ್ಯಾಲ್‌ಕನೆಕ್ಟ್ 2007ರ ಅನುಭವವನ್ನು ಜಾಲಾಡಿ ಕಂಡುಕೊಂಡದ್ದು ಇದು: ನಿಯಮವನ್ನು ಫೈಲಿನ ಜೊತೆ ಕಳಿಸಬಾರದು, ಹೆಸರನ್ನು ಕಳಿಸಬೇಕು; ನಿಯಮ ಎಲ್ಲರೂ ನಂಬುವ ಒಂದೇ ಕಡೆಯಿಂದ ಬರಬೇಕು. ಮೈಕ್ ಡಗ್ಲಸ್, ಸೈರಸ್ ದಬೂ ಮೊದಲಾದವರು ಇದನ್ನು 2016ರಲ್ಲಿ ಮಾನಕವಾಗಿ ಬರೆದರು.

ಅಷ್ಟಾದರೂ ಹೆಸರಿನ ತೊಡಕು ಪೂರ್ತಿ ಹೋಗಲಿಲ್ಲ. ವಿಂಡೋಸ್ ತನ್ನದೇ ಹೆಸರುಗಳನ್ನು ಇಟ್ಟುಕೊಂಡಿದೆ. ನಮ್ಮ ವಲಯ ಅದರಲ್ಲಿ ‘ಇಂಡಿಯಾ ಸ್ಟ್ಯಾಂಡರ್ಡ್ ಟೈಮ್’. ಪರದೆಯ ಮೇಲೆ ಕಾಣುವುದು ‘ಚೆನ್ನೈ, ಕೋಲ್ಕತಾ, ಮುಂಬಯಿ, ನವದೆಹಲಿ’. ಬೆಂಗಳೂರಿಗೂ ಅಲ್ಲಿ ಜಾಗ ಇಲ್ಲ, ಶಿರಸಿಯ ಮಾತು ದೂರ. ಯೂನಿಕೋಡ್ ಒಕ್ಕೂಟದವರು ಈ ಹೆಸರುಗಳನ್ನೂ ಓಲ್ಸನ್ ಕೋಶದ ಹೆಸರುಗಳನ್ನೂ ಹೊಂದಿಸುವ ಪಟ್ಟಿ ಇಟ್ಟಿದ್ದಾರೆ. ಚೆನ್ನಾಗಿ ಬರೆದ ಪ್ರೋಗ್ರಾಮು ಹೆಸರನ್ನು ಮೊದಲು ಕೋಶದಲ್ಲಿ ಹುಡುಕುತ್ತದೆ, ಸಿಗದಿದ್ದರೆ ಈ ಪಟ್ಟಿಯಲ್ಲಿ, ಅಲ್ಲೂ ಇಲ್ಲದಿದ್ದರೆ ಫೈಲು ತಂದ ನಿಯಮ ನೋಡುತ್ತದೆ. ಕೆಟ್ಟದಾಗಿ ಬರೆದದ್ದು ಗುರುತು ಸಿಗದ ಹೆಸರನ್ನು ಸದ್ದಿಲ್ಲದೆ ಯುಟಿಸಿ ಎಂದುಕೊಳ್ಳುತ್ತದೆ. ಕಾರ್ಯಕ್ರಮ ಸರಿಯಾಗಿ ಐದೂವರೆ ಗಂಟೆ ತಪ್ಪಿ ಕೂತಿದ್ದರೆ ಕಾರಣ ಬಹುತೇಕ ಇದೇ. ಒಂದು ಗಂಟೆ ತಪ್ಪಿದ್ದರೆ ಡೇಲೈಟ್ ಸೇವಿಂಗಿನ ಮೇಲೆ ಅನುಮಾನಪಡಬೇಕು.

ಇನ್ನೊಂದು ಬಗೆಯ ತಪ್ಪು ಹಬ್ಬಗಳದ್ದು. 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ. ಊರಿನಲ್ಲಿ ಮಾಡಿದ ಹಬ್ಬಗಳ ಫೈಲಿನಲ್ಲಿ ಅದನ್ನು ‘9ರ ಮಧ್ಯರಾತ್ರಿ 12ರಿಂದ’ ಎಂದು ಭಾರತದ ವಲಯ ಹಾಕಿ ಬರೆದು ಕಳಿಸಿದರೆ ನ್ಯೂಜೆರ್ಸಿಯ ಫೋನಿನಲ್ಲಿ ಯುಗಾದಿ ಶುರುವಾಗುವುದು 8ರ ಮಧ್ಯಾಹ್ನ 2:30ಕ್ಕೆ. ಆ ಹೊತ್ತಿಗೆ ಅಲ್ಲಿ ಸೂರ್ಯಗ್ರಹಣ ಹಿಡಿದಿತ್ತು! ಮದ್ದು ಸುಲಭ: ಗಂಟೆಯನ್ನೇ ಬರೆಯದೆ ಬರಿಯ ತಾರೀಕು ಬರೆಯಬೇಕು, ಕ್ಯಾಲೆಂಡರಿನಲ್ಲಿ ‘ಇಡೀ ದಿನ’ ಎಂದು ಗುರುತು ಹಾಕಬೇಕು. ಆಗ 9 ಎಲ್ಲಿದ್ದರೂ 9.

ಆ ಗ್ರಹಣದ ದಿನವನ್ನೇ ಹಿಡಿದು ನೋಡಿದರೆ ಪಂಚಾಂಗದವರು ಎಷ್ಟು ಮುಂದಿದ್ದರು ಎಂಬುದು ಕಾಣುತ್ತದೆ. ಅಮಾವಾಸ್ಯೆ ಮುಗಿದದ್ದು ಜಗತ್ತಿಗೆಲ್ಲ ಒಂದೇ ಕ್ಷಣದಲ್ಲಿ. ಶಿರಸಿಯ ಗಡಿಯಾರದಲ್ಲಿ ಆಗ ರಾತ್ರಿ 11:51, ನ್ಯೂಜೆರ್ಸಿಯಲ್ಲಿ ಮಧ್ಯಾಹ್ನ 2:21. ಇದು ‘ಝಡ್’ ಹಾಕಿ ಬರೆಯುವ ಸಮಯ. ಸೂರ್ಯೋದಯ ಊರೂರಿಗೆ ಬೇರೆ. ಸೂರ್ಯೋದಯಕ್ಕೆ ಯಾವ ತಿಥಿ ಎಂಬುದರಿಂದ ಹಬ್ಬ ಗೊತ್ತಾಗುವುದರಿಂದ ಎರಡನ್ನೂ ಬೆರೆಸದೆ ಲೆಕ್ಕ ಮುಗಿಯುವುದಿಲ್ಲ. ಸೂರ್ಯಸಿದ್ಧಾಂತ ಉಜ್ಜಯಿನಿಯ ಮೇಲೆ ಹಾಯುವ ರೇಖೆಯನ್ನು ಮೂಲ ಎಂದಿಟ್ಟುಕೊಂಡು, ಅದರಿಂದ ಎಷ್ಟು ಪೂರ್ವ, ಎಷ್ಟು ಪಶ್ಚಿಮ ಎಂದು ದೇಶಾಂತರ ಸಂಸ್ಕಾರ ಮಾಡಲು ಹೇಳುತ್ತದೆ. ಅಂತರ ತಿಳಿಯುವ ಉಪಾಯವನ್ನೂ ಕೊಡುತ್ತದೆ: ಚಂದ್ರಗ್ರಹಣವನ್ನು ಕಾಯಿರಿ, ಮೂಲರೇಖೆಗೆ ಗಣಿತ ಹೇಳಿದ ಗಳಿಗೆಗೂ ನಿಮ್ಮೂರಿನಲ್ಲಿ ಕಂಡ ಗಳಿಗೆಗೂ ಇರುವ ವ್ಯತ್ಯಾಸವೇ ದೇಶಾಂತರ. ಶಿರಸಿಗೆ ಅದು ನಾಲ್ಕು ನಿಮಿಷಕ್ಕೂ ಸ್ವಲ್ಪ ಕಡಿಮೆ. ಕುಮಟಾ ಕಡೆಯ ಬಗ್ಗೋಣ ಪಂಚಾಂಗವನ್ನು ಅಮೆರಿಕಕ್ಕೆ ಒಯ್ದು ಅಲ್ಲಿ ಏಕಾದಶಿ ನೋಡುವವರು ಈ ಸಂಸ್ಕಾರವನ್ನು ಬಿಟ್ಟರೆ ಐಸಿಎಸ್ ಫೈಲು ಮಾಡಿದ ತಪ್ಪನ್ನೇ ಕೈಯಾರೆ ಮಾಡಿದಂತೆ.

ಪಂಚಾಂಗವನ್ನು ಪೂರ್ತಿಯಾಗಿ ಫೈಲಿಗೆ ಇಳಿಸುವುದು ಮಾತ್ರ ಇನ್ನೂ ಆಗಿಲ್ಲ. 2015ರಲ್ಲಿ ಸೈರಸ್ ದಬೂ ಮತ್ತು ಗ್ರೆಗರಿ ಯಾಕುಶೆವ್ ಬರೆದ ಮಾನಕದಿಂದ ಚೀನೀ, ಹೀಬ್ರೂ, ಇಥಿಯೋಪಿಯಾದ ಕ್ಯಾಲೆಂಡರುಗಳಲ್ಲಿ ‘ಪ್ರತಿ ವರ್ಷ ಈ ದಿನ’ ಎಂದು ಬರೆಯಬಹುದು. ಅಧಿಕ ಮಾಸ ಬಂದರೆ ಏನು ಮಾಡಬೇಕೆಂಬುದಕ್ಕೂ ಅದರಲ್ಲಿ ದಾರಿ ಇದೆ. ಅದು ಬಳಸುವ ಯೂನಿಕೋಡ್ ಪಟ್ಟಿಯಲ್ಲಿ ‘ಇಂಡಿಯನ್’ ಎಂಬ ಹೆಸರೂ ಇದೆ, ಆದರೆ ಅದು ಸರ್ಕಾರದ ಶಕ ಕ್ಯಾಲೆಂಡರ್, ತಿಥಿ ಅದರಲ್ಲಿ ಇಲ್ಲ. ಸೂರ್ಯೋದಯಕ್ಕೆ, ಅಂದರೆ ಊರಿಗೆ, ಕಟ್ಟಿಕೊಂಡ ದಿನವನ್ನು ನಿಯಮವಾಗಿ ಬರೆಯಲು ಐಕ್ಯಾಲೆಂಡರಿನಲ್ಲಿ ಸಾಲು ಇಲ್ಲ. ಹಾಗಾಗಿ ಅಪ್ಪನ ತಿಥಿಯನ್ನು ಫೋನಿನಲ್ಲಿ ‘ಪ್ರತಿ ವರ್ಷ’ ಎಂದು ಹಾಕಿಟ್ಟುಕೊಳ್ಳಬೇಡಿ. ಹೊಸ ಪಂಚಾಂಗ ಬಂದ ಮೇಲೆ ಆ ವರ್ಷದ ತಾರೀಕು ನೋಡಿ, ಹೊರದೇಶದಲ್ಲಿದ್ದರೆ ಅಲ್ಲಿಯ ಊರಿನದನ್ನು ಬೇರೆಯಾಗಿ ನೋಡಿ, ಇಡೀ ದಿನದ ಗುರುತು ಹಾಕಿ ಕೈಯಿಂದಲೇ ಬರೆದುಕೊಳ್ಳಬೇಕು.