ನಾಬ್ ತಿರುಗಿಸಿ ಪಡೆದ ತಾಳ

ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ಟಿಆರ್-808 ಎಂಬ ತಾಳಯಂತ್ರವನ್ನು ಹೊರತಂದಿತು. ಕಂಪನಿಯ ಸ್ಥಾಪಕ ಇಕುತಾರೊ ಕಾಕೆಹಾಶಿ 1960ರ ದಶಕದಿಂದಲೇ ಇಂಥ ಪೆಟ್ಟಿಗೆಗಳನ್ನು ರೂಪಿಸುತ್ತ ಬಂದವರು. ಅದೇ ವರ್ಷ ಅಮೆರಿಕದ ರೋಜರ್ ಲಿನ್ ಎಲ್‌ಎಂ-1 ಯಂತ್ರವನ್ನು ಮಾರುಕಟ್ಟೆಗೆ ತಂದರು. ಅದರ ಚಿಪ್‌ಗಳಲ್ಲಿ ನಿಜವಾದ ಡ್ರಮ್ಮಿನ ಸದ್ದುಗಳೇ ಮುದ್ರಿತವಾಗಿದ್ದವು. ಬೆಲೆ ಸುಮಾರು 5,000 ಡಾಲರ್. ಅದರೆದುರು 1,195 ಡಾಲರಿನ 808ರ ಸದ್ದು ಡ್ರಮ್ಮನ್ನು ಅಷ್ಟಾಗಿ ಹೋಲುತ್ತಿರಲಿಲ್ಲ. ಸುಮಾರು 12,000 ಯಂತ್ರಗಳನ್ನು ತಯಾರಿಸಿ 1983ರಲ್ಲಿ ಕಂಪನಿ ಅದನ್ನು ನಿಲ್ಲಿಸಿತು. ಹೀಗೆ ನಿಂತುಹೋದ ಯಂತ್ರವೇ ಮುಂದೆ ಹಿಪ್‌ಹಾಪ್ ಮತ್ತು ಟೆಕ್ನೊ ಸಂಗೀತಕ್ಕೆ ನೆಲಗಟ್ಟಾಯಿತು. ಸದ್ದನ್ನು ತಿದ್ದುವ ಅಧಿಕಾರವನ್ನು ಅದು ನುಡಿಸುವವರ ಕೈಗೆ ಕೊಟ್ಟದ್ದೇ ಇದಕ್ಕೆ ಮುಖ್ಯ ಕಾರಣ ಎಂಬುದು ನನ್ನ ವಾದ.

808ರೊಳಗೆ ಮುದ್ರಿತ ಸದ್ದು ಒಂದೂ ಇಲ್ಲ. ಬಾಸ್ ಡ್ರಮ್ಮಿಗೆ ಒಂದು ಸಣ್ಣ ಅನುರಣನ ಸರ್ಕಿಟ್ ಇದೆ. ಅದಕ್ಕೆ ವಿದ್ಯುತ್ತಿನ ಒಂದು ಕ್ಷಣದ ಏಟು ಬಿದ್ದರೆ, ಬಡಿದ ಗಂಟೆಯ ಹಾಗೆ ತಾನಾಗಿ ಮಿಡಿದು ಕ್ರಮೇಣ ಕ್ಷೀಣಿಸುತ್ತದೆ. ಎಷ್ಟು ಹೊತ್ತಿನಲ್ಲಿ ಕ್ಷೀಣಿಸಬೇಕೆಂಬುದನ್ನು 'ಡಿಕೇ' ನಾಬ್ ನಿರ್ಧರಿಸುತ್ತದೆ. ಚಿಕ್ಕದಾಗಿ ಇಟ್ಟರೆ ಎದೆಗೆ ತಟ್ಟುವ ಒಂದು ಗುದ್ದು. ಪೂರ್ತಿ ತಿರುಗಿಸಿದರೆ ನೆಲದಡಿಯಿಂದ ಬಂದಂಥ ದೀರ್ಘ ಗುಂಯ್‌ಕಾರ. ಸಿಂಬಲ್ ಮತ್ತು ಹೈಹ್ಯಾಟ್‌ಗಳ ಲೋಹದ ಸದ್ದಿಗೆ ಪರಸ್ಪರ ಶ್ರುತಿ ಕೂಡದ ಆರು ಆಸಿಲೇಟರ್‌ಗಳು, ಅಂದರೆ ಕಂಪನ ಹುಟ್ಟಿಸುವ ಸರ್ಕಿಟ್‌ಗಳು, ಮೂಲ. ಸ್ನೇರ್ ಎಷ್ಟು ಚುರುಕಾಗಿರಬೇಕು, ಟಾಮ್ ಯಾವ ಶ್ರುತಿಯಲ್ಲಿರಬೇಕು ಎಂಬುದಕ್ಕೂ ನಾಬ್‌ಗಳಿವೆ. ಎಲ್‌ಎಂ-1ರಲ್ಲೂ ಶ್ರುತಿ ಬದಲಿಸಬಹುದಿತ್ತು, ನಿಜ. ಆದರೆ ಮುದ್ರಿತ ಸದ್ದಿನ ಉದ್ದವನ್ನು ಹೀಗೆ ಎಳೆದು ಬೆಳೆಸಲು ಬರುತ್ತಿರಲಿಲ್ಲ. ಇದರ ಮೇಲೆ 808ರ ಪ್ರತಿ ವಾದ್ಯದ ಸದ್ದೂ ಬೇರೆ ಬೇರೆ ತಂತಿಯಲ್ಲಿ ಹೊರಬರುತ್ತಿದ್ದುದರಿಂದ ಸ್ಟುಡಿಯೊದಲ್ಲಿ ಒಂದೊಂದನ್ನೂ ಪ್ರತ್ಯೇಕವಾಗಿ ಸಂಸ್ಕರಿಸಬಹುದಿತ್ತು.

ಒಂದೇ ಯಂತ್ರ ಬೇರೆ ಬೇರೆ ಕೈಗಳಲ್ಲಿ ಹೇಗೆ ಬದಲಾಯಿತೆಂದು ತಿಳಿಯಲು 1982ರ ಮೂರು ಧ್ವನಿಮುದ್ರಣಗಳನ್ನು ಹೋಲಿಸಿ ನೋಡಿ. ಮಾರ್ವಿನ್ ಗೇ ಅವರ 'ಸೆಕ್ಷುಯಲ್ ಹೀಲಿಂಗ್'ನಲ್ಲಿ ಈ ಯಂತ್ರ ಮೆಲುದನಿಯಲ್ಲಿ ಹಾಡುಗಾರನ ಜೊತೆ ಸಾಗುತ್ತದೆ. ನ್ಯೂಯಾರ್ಕಿನ ಆಫ್ರಿಕಾ ಬಂಬಾಟಾ ಬಳಗದ 'ಪ್ಲಾನೆಟ್ ರಾಕ್'ನಲ್ಲಿ ಅದೇ ಯಂತ್ರ ಇಡೀ ಹಾಡನ್ನೇ ಹೊತ್ತು ಓಡುತ್ತದೆ. ಮುಂಬೈಯ ಚರಣಜಿತ್ ಸಿಂಗ್ ಅದೇ ಪೆಟ್ಟಿಗೆಯ ತಾಳದ ಮೇಲೆ ಭೈರವ, ಕಲಾವತಿಯಂಥ ರಾಗಗಳನ್ನು ಸಿಂಥಸೈಜರಿನಲ್ಲಿ ನುಡಿಸಿದರು. ಅವರ ಆಲ್ಬಂ ಆಗ ಹೆಚ್ಚು ಗಮನ ಸೆಳೆಯಲಿಲ್ಲ. 2010ರಲ್ಲಿ ಮರುಬಿಡುಗಡೆಯಾದ ಮೇಲೆ ಲೋಕ ಬೆರಗಾಯಿತು.

ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಕ್ಕಿದ್ದೇ 808ರ ಗೆಲುವಿಗೆ ಕಾರಣ ಎನ್ನುವವರಿದ್ದಾರೆ. ಬಡ ಯುವಕರ ಕೈಗೆ ಅದು ಹೇಗೆ ಬಂತೆಂಬುದಕ್ಕೆ ಇದು ಉತ್ತರವಾದೀತು. ಆದರೆ ಹಣ, ಹೆಸರು ಬಂದ ಮೇಲೂ ಅವರು ಅದನ್ನೇ ಏಕೆ ಹಿಡಿದುಕೊಂಡರು ಎಂಬುದಕ್ಕೆ ಅಲ್ಲ. ಚಪ್ಪಾಳೆ ಮತ್ತು ಕೌಬೆಲ್‌ಗಳಿಗೆ ಸದ್ದಿನ ಪ್ರಮಾಣ ಬಿಟ್ಟರೆ ಬೇರೆ ನಾಬ್ ಇಲ್ಲ, ಆದರೂ ಅವು ಜನಪ್ರಿಯವಲ್ಲವೇ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಅದನ್ನು ಒಪ್ಪಬೇಕು, ಅಲ್ಲಿ ಗೆದ್ದದ್ದು ಸರ್ಕಿಟ್ಟಿನ ಸ್ವಂತ ಬಣ್ಣ. ಆದರೆ ಮಯಾಮಿ ಬಾಸ್‌ನಂಥ ಹೊಸ ಪ್ರಕಾರವನ್ನೇ ಹುಟ್ಟಿಸಿದ್ದು ಎಳೆದು ಬೆಳೆಸಿದ ಆ ಬಾಸ್ ಡ್ರಮ್ಮೇ.

ಇಂದು 808ರ ಸದ್ದು ಬಹುತೇಕ ಸಂಗೀತ ತಂತ್ರಾಂಶಗಳಲ್ಲಿ ಸಿದ್ಧವಾಗಿ ಸಿಗುತ್ತದೆ. ಅದನ್ನು ಬಳಸುವ ನಮ್ಮ ಯುವ ಸಂಗೀತಗಾರರು ಸಿದ್ಧ ಸದ್ದನ್ನು ಹಾಗೆಯೇ ಎತ್ತಿಕೊಳ್ಳದೆ, ಸರ್ಕಿಟ್ಟನ್ನು ಅನುಕರಿಸುವ ಆವೃತ್ತಿಯನ್ನು ತೆರೆದು ಮೊದಲು ಡಿಕೇ ನಾಬ್ ತಿರುಗಿಸಿ ನೋಡಲಿ.