ಕಲ್ಮಶ ಕಲಿಸಿದ ಶಿಸ್ತು

ನ್ಯಾನೊ ಹರಳು ಬೆಳೆಸುವವರ ಬಾಯಲ್ಲಿ ‘ಟೋಪೊ’ ಎಂದರೆ ಟ್ರೈಆಕ್ಟೈಲ್ ಫಾಸ್ಫೀನ್ ಆಕ್ಸೈಡ್ ಎಂಬ ದ್ರಾವಕ. ಮುಂದೆ 2023ರಲ್ಲಿ ನೊಬೆಲ್ ಪಡೆದ ಮೌಂಗಿ ಬಾವೆಂಡಿ, 1993ರಲ್ಲಿ ಎಂಐಟಿಯ ಸಂಗಡಿಗರ ಜೊತೆ ಕುದಿಬಿಸಿ ಟೋಪೊದೊಳಕ್ಕೆ ರಾಸಾಯನಿಕ ಚುಚ್ಚಿ, ಒಂದೇ ಗಾತ್ರದ ಕ್ಯಾಡ್ಮಿಯಂ ಸೆಲೆನೈಡ್ ಗುಂಡುಹರಳು ತೆಗೆದಿದ್ದರು. ಆದರೆ ಶೇ 90ರಷ್ಟೇ ಶುದ್ಧವಾದ ಟೋಪೊದಲ್ಲಿ ಹರಳು ಚೆನ್ನಾಗಿ ಬರುತ್ತಿತ್ತು. ಶೇ 99ರದ್ದರಲ್ಲಿ ಕೈಗೆ ಸಿಗದಂತೆ ಬೆಳೆಯುತ್ತಿತ್ತು. ನಿಜವಾಗಿ ದುಡಿಯುತ್ತಿದ್ದುದು ಕಲ್ಮಶ!

ಬರ್ಕ್ಲಿಯಲ್ಲಿ ಪಾಲ್ ಅಲಿವಿಸಾಟೋಸ್ ಬಳಗದ ಶಿಯಾವ್‌ಗಾಂಗ್ ಪೆಂಗ್ ಮತ್ತಿತರರು ಶುದ್ಧ ಟೋಪೊಗೆ, ಆ ಕಲ್ಮಶದ ಜಾಗದಲ್ಲಿ, ಹೆಕ್ಸೈಲ್ ಫಾಸ್ಫೋನಿಕ್ ಆಮ್ಲವನ್ನು ಬೇಕೆಂದೇ ಬೆರೆಸಿದರು. ಹರಳಿನ ಮುಖಗಳಿಗೆ ಆಮ್ಲ ಅಂಟಿದ್ದರಿಂದ ಒಂದೊಂದು ಮುಖ ಒಂದೊಂದು ವೇಗದಲ್ಲಿ ಬೆಳೆಯಿತು. ಗುಂಡು ಕಡ್ಡಿಯಾಯಿತು. ಅದು 2000ದ ‘ನೇಚರ್’ನಲ್ಲಿ ಬಂತು.

ಎರಡೇ ವರ್ಷಕ್ಕೆ, 7 ನ್ಯಾನೊಮೀಟರ್ ದಪ್ಪ, 60 ನ್ಯಾನೊಮೀಟರ್ ಉದ್ದದ ಕಡ್ಡಿಗಳನ್ನು ಪಾಲಿಮರ್‌ಗೆ ಸೇರಿಸಿ ಅದೇ ಬಳಗ ಸೌರಕೋಶ ಮಾಡಿತು. ಸಿಕ್ಕ ದಕ್ಷತೆ ಶೇ 1.7. ಎಲೆಕ್ಟ್ರಾನಿಗೆ ಕಡ್ಡಿಯೇ ದಾರಿ. ಕಡ್ಡಿಗಳು ಅಡ್ಡಾದಿಡ್ಡಿ ಬಿದ್ದರೆ ದಾರಿ ತಪ್ಪುತ್ತದೆ. ನೆಟ್ಟಗೆ ನಿಲ್ಲಿಸುವುದು ಹೇಗೆ?

ವಿಜ್ಞಾನಿ ಲಾರ್ಸ್ ಆನ್ಸಾಗರ್ 1949ರಲ್ಲೇ ಒಂದು ಲೆಕ್ಕ ಹಾಕಿದ್ದ: ಕಡ್ಡಿಗಳು ಕಿಕ್ಕಿರಿದರೆ, ಸೆಳೆತವೇ ಇಲ್ಲದಿದ್ದರೂ, ಒಂದೇ ದಿಕ್ಕಿಗೆ ಸಾಲುಗಟ್ಟುತ್ತವೆ, ಹಾಗೆ ನಿಂತರೇ ಪ್ರತಿಯೊಂದಕ್ಕೂ ಅಲುಗಾಡಲು ಹೆಚ್ಚು ಜಾಗ. ಬರ್ಕ್ಲಿಯ ಕಡ್ಡಿಗಳೂ 2002ರಲ್ಲಿ ದ್ರಾವಣದಲ್ಲಿ ದ್ರವಹರಳಾಗಿ ಸಾಲುಗಟ್ಟಿದವು. ಬೇಕಾದ ಕಡೆಗೆ ತಿರುಗಿಸುವುದು ಬೇರೆಯೇ ಮಾತು. 2006ರಲ್ಲಿ ಕೆವಿನ್ ರಯನ್ ಮತ್ತು ಸಂಗಡಿಗರು ದ್ರಾವಣ ಆರುವಾಗ ವಿದ್ಯುತ್ ಕ್ಷೇತ್ರ ಹಾಯಿಸಿ ಕಡ್ಡಿಗಳನ್ನು ನಿಲ್ಲಿಸಿದರು. ಆಮೇಲೆ ಇಟಲಿಯ ಲಿಬೆರಾತೊ ಮನ್ನಾ ತಂಡ, ಸಣ್ಣ ಕಣ ಬೆರೆಸಿ ಕಡ್ಡಿಗಳು ತಾವೇ ಒತ್ತಾಗುವಂತೆ ಮಾಡಿತು.

ನನಗೆ ಎಲ್ಲಕ್ಕಿಂತ ಸ್ವಾರಸ್ಯ ಎನಿಸಿದ್ದು ಕಡ್ಡಿಯ ಮೈಮೇಲಿನ ಸಾವಯವ ತುಪ್ಪುಳು. ಕಡ್ಡಿಗಳು ಅಂಟದಿರಲೆಂದು ಹೊದಿಸಿದ ಈ ಪದರವನ್ನು ಬಹುಕಾಲ ಮೆತ್ತನೆಯ ಹೊದಿಕೆ ಎಂದಷ್ಟೇ ಎಣಿಸಿದ್ದರು. 2014ರಲ್ಲಿ ಆಸಾಫ್ ವಿಡ್ಮರ್-ಕೂಪರ್, ಫಿಲ್ ಗೈಸ್ಲರ್ ಕಂಪ್ಯೂಟರಿನಲ್ಲಿ ಕ್ಯಾಡ್ಮಿಯಂ ಸಲ್ಫೈಡ್ ಕಡ್ಡಿಗಳನ್ನು ಅನುಕರಿಸಿದಾಗ ಕಂಡದ್ದೇ ಬೇರೆ. ಬಿಸಿಯಲ್ಲಿ ಕೆದರಿಕೊಂಡಿರುವ ತುಪ್ಪುಳು ಕಡ್ಡಿಗಳನ್ನು ದೂರ ತಳ್ಳುತ್ತದೆ. ತಣಿದಾಗ ಬಾಚಿದಂತೆ ಒಂದೇ ದಿಕ್ಕಿಗೆ ಒರಗಿ, ಅವೇ ಕಡ್ಡಿಗಳನ್ನು ಬಲವಾಗಿ ಸೆಳೆಯುತ್ತದೆ. ಕಡ್ಡಿಯ ಮುಖದ ಅಗಲ, ತುಪ್ಪುಳಿನ ದಟ್ಟಣೆ ಚೂರು ಬದಲಾದರೂ ಈ ತಳ್ಳಾಟ–ಸೆಳೆತದ ಲೆಕ್ಕ ಏರುಪೇರಾಗುತ್ತದೆ. ಒಂದು ಬ್ಯಾಚಿಗೆ ಒಗ್ಗಿದ ಪಾಕ ಮತ್ತೊಂದಕ್ಕೆ ಒಗ್ಗದಿದ್ದರೆ ತಪ್ಪು ಕಡ್ಡಿಯದ್ದೇ ಆಗಿರಬೇಕೆಂದಿಲ್ಲ.